ಇಪ್ಪತ್ತೆರಡು ಅಡಿ ಬೇಲಿಗೊಬ್ಬ ಕಳ್ಳ

ಬೇಲಿ ಹಾಕುವ ಕೆಲಸದಲ್ಲಿರುವವನು ಜಗಳ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಬಾಗಿಲಿಗೆ ಬರುತ್ತದೆ. ಊರಿನಲ್ಲಾದರೆ ಪಕ್ಕದ ಮನೆಯವರ ಜೊತೆ, ಕೊಲ್ಲಿಯಲ್ಲಾದರೆ ಕಾಗದಪತ್ರದ ಜೊತೆ. ಪಕ್ಕದ ಮನೆಯವರಾದರೂ ಮದುವೆ ಮುಂಜಿಯಲ್ಲಿ ಒಮ್ಮೆ ರಾಜಿಯಾಗುತ್ತಾರೆ.

ಅಬುಧಾಬಿಯ ಮುಸಫ್ಫಾದಲ್ಲಿ ಭಟ್ಕಳದ ಸಾಹುಕಾರರೊಬ್ಬರ ಬೇಲಿ-ಗೇಟಿನ ವರ್ಕ್‌ಶಾಪ್ ಇತ್ತು. ಅಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ, ಅರ್ಜಿ ಹಿಡಿದುಕೊಂಡು ಅಲೆಯುತ್ತಿದ್ದೆ. ಶಾಲೆ, ಗೋದಾಮು, ಒಂಟೆ ಕೊಟ್ಟಿಗೆ, ರುವೈಸಿನ ಕಂಪನಿ ಕ್ವಾರ್ಟರ್ಸು ಅಂತ ಮೈಲುಗಟ್ಟಲೆ ಬೇಲಿ ಹಾಕಿದ್ದೇವೆ. ಒಂದೂ ನನ್ನ ನಿದ್ದೆ ಕೆಡಿಸಿದ್ದಿಲ್ಲ. ಕೆಡಿಸಿದ್ದು ದುಬೈಯ ಒಂದೇ ಒಂದು ಬೇಲಿ. ಅದರ ಉದ್ದ ಇಪ್ಪತ್ತೆರಡು ಅಡಿ.

ಅಳತೆ

ದುಬೈಯಲ್ಲಿ ಊರೊಳಗೆ ನುಗ್ಗಿದ ಕಡಲ ನೀರಿಗೆ ಕ್ರೀಕ್ ಅನ್ನುತ್ತಾರೆ, ಅದರ ಪಕ್ಕದಲ್ಲಿ ಹಳೆಯ ಕೇರಿಯೊಂದಿದೆ. ಕಡಲ ಕಲ್ಲಿನ ಗೋಡೆಗಳು, ಗಾಳಿ ಹಿಡಿಯುವ ಗೋಪುರಗಳು, ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಒರಗಿ ನಿಲ್ಲಬೇಕಾದ ಓಣಿ. ಪಾರಂಪರಿಕ ಪ್ರದೇಶ ಅಂತ ಗುರುತಾದ ಜಾಗ. ಅಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಅನುಮತಿ ಬೇಕು. ದುಬೈಯ ಬೇಲಿ ಕಂಪನಿಗಳು ಆ ಕೇರಿಯ ಹೆಸರೆತ್ತಿದರೆ ಕೈಮುಗಿಯುತ್ತಿದ್ದವು. ಹಾಗಾಗಿ ಅಲ್ಲಿಯ ಮನೆಯ ಯಜಮಾನರೊಬ್ಬರು ನಮ್ಮನ್ನು ಹುಡುಕಿಕೊಂಡು ಮುಸಫ್ಫಾದ ತನಕ ಬಂದರು. ಸ್ಥಳೀಯ ಅರಬರು, ಐವತ್ತರ ಆಸುಪಾಸು.

ಅವರ ಮನೆಗೆ ಮೂರು ಕಡೆ ಅಕ್ಕಪಕ್ಕದವರ ಗೋಡೆ. ನಾಲ್ಕನೆಯ ಕಡೆಯ ಗೋಡೆ ತಲೆಬಾಗಿಲ ಸಮೇತ ಕುಸಿದು ಅಂಗಳ ಬಯಲಾಗಿತ್ತು. ಗೋಡೆ ಮತ್ತೆ ಕಟ್ಟಲು ಅನುಮತಿಗೆ ವರ್ಷಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಒಂದು ಬೇಲಿ ಬೇಕು.

"ಮನೆಯಲ್ಲಿ ತಾಯಿ ಇದ್ದಾರೆ," ಅಂತ ಅವರು ನಮಗೆ ತಿಳಿಯುವ ಹಿಂದಿಯಲ್ಲಿ ಹೇಳಿದರು. "ಮರೆವು. ಎದ್ದು ಹೊರಟೇಬಿಡ್ತಾರೆ. ಮೊನ್ನೆ ದೋಣಿಯಲ್ಲಿ ಕೂತು ಕ್ರೀಕನ್ನು ಆರು ಸಲ ದಾಟಿದ್ದಾರೆ. ನಮ್ಮ ಮನೆಯಿಂದ ನೀರಿಗೆ ಇನ್ನೂರು ಹೆಜ್ಜೆ."

ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಬಾರದೇ ಅಂತ ನಮ್ಮ ಮೇಸ್ತ್ರಿ ಕೇಳಿದ. ಕಾಪು ಕಡೆಯವನು, ಬಾಯಿಗೆ ಬಂದದ್ದನ್ನು ಕೇಳಿಬಿಡುವ ಜಾತಿ. ಯಜಮಾನರು ಅವನನ್ನು ನೋಡಿದ ರೀತಿಗೆ ಆ ಮಾತನ್ನು ಆಮೇಲೆ ನಾವ್ಯಾರೂ ಎತ್ತಲಿಲ್ಲ.

ಮರುದಿನವೇ ಅಳತೆಗೆ ಹೋದೆವು. ಟೇಪು ಎಳೆಯುತ್ತಿದ್ದೇನೆ, ಅಜ್ಜಿ ಬಂದು ಎದುರು ನಿಂತರು. ಮುಖಕ್ಕೆ ಹಳೆಯ ಕಾಲದವರು ಕಟ್ಟಿಕೊಳ್ಳುವ ಹೊಳೆಯುವ ಮುಖವಾಡ, ಕೈಯಲ್ಲಿ ಕೋಲು. ಹಿಂದೆ ಬೊಂಬಾಯಿಯ ವ್ಯಾಪಾರಿಗಳ ಮನೆಯವರಿಂದ ಕಲಿತ ಹಿಂದಿ ಅವರಿಗೆ ಮಗನಿಗಿಂತ ಚೆನ್ನಾಗಿ ಬರುತ್ತಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ "ಹರಾಮಿ" ಅಂದರು. ಅರಬಿಯಲ್ಲಿ ಹಾಗೆಂದರೆ ಕಳ್ಳ.

"ಇಲ್ಲ ಅಮ್ಮ, ಬೇಲಿಗೆ ಅಳತೆ ತಗೊಳ್ತಾ ಇದ್ದೇನೆ," ಅಂದೆ.

ಅಜ್ಜಿ ಮಗನ ಕಡೆ ತಿರುಗಿ ಹೇಳಿದರು, "ನನ್ನ ಜೀವಮಾನದಲ್ಲಿ ಎಷ್ಟೋ ಕಳ್ಳರನ್ನು ನೋಡಿದ್ದೇನೆ. ಕದಿಯೋ ಮೊದಲು ಅಳತೆ ತಗೊಳ್ಳೋನನ್ನು ಇವತ್ತೇ ನೋಡಿದ್ದು."

ಇರಬೇಕು, ಕಾಣಬಾರದು

ಇಪ್ಪತ್ತೆರಡು ಅಡಿ ಅಂದರೆ ನಮಗೆ ಎರಡು ದಿನದ ಕೆಲಸ. ಮೊದಲ ಅರ್ಜಿ ಅಲ್ಯೂಮಿನಿಯಂ ಬೇಲಿಗೆ, ಮರದ ಬಣ್ಣ ಬಳಿದು ಕೊಡುತ್ತೇವೆ ಅಂತ ಬರೆದೆ. ಹದಿನೈದು ದಿನ ಕಾಯಿಸಿ ತಿರಸ್ಕರಿಸಿದರು. ಎರಡನೆಯದು ನಿಜವಾದ ಮರಕ್ಕೆ. ಮರ ಹೊಸದು ಅಂತ ತಿರಸ್ಕರಿಸಿದರು. ಮೂರನೆಯದು ಹಳೆಯ ಮರಕ್ಕೆ. ಮರ ಹಳೆಯದೇ ಹೌದು, ಆದರೆ ಬೇರೆ ಕಡೆಯ ಹಳೆಯದು ಅಂತ ತಿರಸ್ಕರಿಸಿದರು.

ಕೇರಿಯ ಕಟ್ಟಡಗಳನ್ನು ನೋಡಿಕೊಳ್ಳುವ ಕಚೇರಿಯ ಇಂಜಿನಿಯರ್ ತೆಳ್ಳಗಿನ ಮನುಷ್ಯ. ಕುತ್ತಿಗೆಯಲ್ಲಿ ಬಣ್ಣದ ಮಾದರಿಗಳ ಕಟ್ಟೊಂದು ಸದಾ ನೇತಾಡುತ್ತಿತ್ತು. ಎಂದೂ ಸಿಟ್ಟಾಗುತ್ತಿರಲಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸಿಟ್ಟಾಗದವರ ಜೊತೆ ಜಗಳವಾಡುವುದರಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ.

"ಅಲ್ಲಿ ಹಿಂದೆ ಬೇಲಿ ಇತ್ತು ಅನ್ನೋದಕ್ಕೆ ಫೋಟೋ ತನ್ನಿ," ಅಂದರು. "ಇದ್ದದ್ದನ್ನು ಮತ್ತೆ ಇಡಬಹುದು. ಇಲ್ಲದ್ದನ್ನು ಹೊಸದಾಗಿ ಇಡೋ ಹಾಗಿಲ್ಲ."

"ಫೋಟೋ ಇಲ್ಲದಿದ್ದರೆ?"

"ಆಗ ಬೇಲಿ ಇರಬೇಕು, ಆದರೆ ಕಾಣಬಾರದು."

"ಅಂಥ ಬೇಲಿ ಈಗಾಗಲೇ ಇದೆ ಸಾರ್," ಅಂದೆ. "ಅಜ್ಜಿ ದಿನಾ ಅದನ್ನೇ ದಾಟಿಕೊಂಡು ಹೋಗ್ತಾ ಇರೋದು."

ಒಣಗದ ಬಟ್ಟೆ

ಯಜಮಾನರು ಸಂಜೆ ಆಫೀಸಿನಿಂದ ಬಂದವರೇ ಆ ಬಯಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹಗಲು ಮನೆಗೆಲಸದಾಕೆ ಒಬ್ಬಳೇ. ಅವಳು ಅಡುಗೆ ಮಾಡಬೇಕೋ ಬಾಗಿಲು ಕಾಯಬೇಕೋ? ಅಡ್ಡಕ್ಕೆ ಒಂದು ಹಗ್ಗ ಕಟ್ಟಿಕೊಟ್ಟೆವು. ಎರಡೇ ದಿನದಲ್ಲಿ ನೋಟೀಸು ಬಂತು, ಅನುಮತಿಯಿಲ್ಲದ ಹಗ್ಗ ಅಂತ.

ಮೇಸ್ತ್ರಿಯ ಮಂಡೆ ಓಡುವುದೇ ಇಂಥ ಕಡೆ. "ಹಗ್ಗಕ್ಕೆ ನಾಲ್ಕು ಬೆಡ್‌ಶೀಟ್ ಹಾಕುವ ಮಾರಾಯ. ಬಟ್ಟೆ ಒಣಗಿಸ್ಲಿಕ್ಕೆ ಬೇಡ ಅಂತ ಯಾರು ಹೇಳ್ತಾರೆ?" ಅಂದ. ಇಂಜಿನಿಯರ್ ಬಂದು ನೋಡಿದರು, ಬಣ್ಣದ ಕಟ್ಟನ್ನು ಬೆಡ್‌ಶೀಟಿಗೆ ಹಿಡಿದೂ ನೋಡಿದರು. ಬಟ್ಟೆ ಒಣಗಿಸುವುದು ಕೇರಿಯ ಜನಜೀವನದ ಭಾಗ, ಆಕ್ಷೇಪಣೆಯಿಲ್ಲ ಅಂದರು. ನಾವು ಗೆದ್ದೆವು ಅಂತ ಕರಕ್ ಚಹಾ ಕುಡಿದೆವು.

ಅರ್ಧ ಗಂಟೆಯಲ್ಲಿ ಫೋನ್ ಬಂತು, ಅಜ್ಜಿ ಇಲ್ಲ. ಓಡಿ ಹೋಗಿ ನೋಡಿದರೆ ಬೆಡ್‌ಶೀಟು ನಾಲ್ಕೂ ನೀಟಾಗಿ ಮಡಚಿ ಕಟ್ಟೆಯ ಮೇಲಿದ್ದವು, ಅಜ್ಜಿ ಓಣಿಯ ತುದಿಯಲ್ಲಿ ಸಿಕ್ಕಿದರು. ಹೊರಗೆ ಯಾಕೆ ಬಂದಿರಿ ಅಂತ ಕೇಳಿದರೆ, ಒಣಗಿದ ಬಟ್ಟೆಯನ್ನು ಹಾಗೇ ಬಿಡುವ ಹೆಂಗಸು ನಾನಲ್ಲ ಅಂದರು.

ಅಂದಿನಿಂದ ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಬೇಕಾಯಿತು. ಅದು ಆಗಸ್ಟ್ ತಿಂಗಳು. ಆ ಬಿಸಿಲಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಮನೆಗೆಲಸದಾಕೆ ಬಂದು ಬೆಡ್‌ಶೀಟಿಗೆ ನೀರು ಹೊಡೆಯುತ್ತಿದ್ದಳು. ಪಕ್ಕದ ಮನೆಯಾಕೆ ಅವಳನ್ನು ಕೇಳಿದಳಂತೆ, "ನಿಮ್ಮ ಮನೆಯಲ್ಲಿ ಇದು ಯಾವ ಗಿಡ?"

ಟೈಲರ್ ಮತ್ತು ಅಡುಗೆಯವ

ಕೊನೆಗೂ ಫೋಟೋ ಸಿಕ್ಕಿತು. ಅಜ್ಜಿಯ ಪೆಟ್ಟಿಗೆಯ ತಳದಲ್ಲಿ, ಮಡಚಿದ ಶಾಲಿನೊಳಗೆ. ಹೊಸ ಸೊಸೆಯಾಗಿದ್ದ ಅಜ್ಜಿ, ತೋಳಲ್ಲೊಂದು ಆಡಿನ ಮರಿ, ಹಿಂದೆ ಖರ್ಜೂರದ ಗರಿಯ ಬೇಲಿ, ಅದಕ್ಕೊಂದು ಗರಿಯದೇ ಬಾಗಿಲು. ಗೋಡೆ ಕಟ್ಟುವ ಮೊದಲು ಅದೇ ಇತ್ತಂತೆ.

ಇಂಜಿನಿಯರ್ ಫೋಟೋವನ್ನು ಭೂತಗನ್ನಡಿಯಲ್ಲಿ ಹತ್ತು ನಿಮಿಷ ನೋಡಿದರು. "ಖರ್ಜೂರದ ಗರಿ, ನಾರಿನ ಹಗ್ಗ. ಮೊಳೆ ಇಲ್ಲ, ತಿರುಗಣಿ ಇಲ್ಲ, ಚಿಲಕ ಇಲ್ಲ. ಬಾಗಿಲಿಗೆ ಒಳಗಡೆಯಿಂದ ಹಗ್ಗದ ಗಂಟು. ಹೀಗೇ ಮಾಡೋದಾದರೆ ಮಾಡಿ."

ಯಜಮಾನರ ಮುಖ ಇಳಿಯಿತು. "ಗಂಟು ಹೊರಗಡೆ ಇರಲಿ ಸಾರ್. ಒಳಗಿದ್ದರೆ ತಾಯಿ ಬಿಚ್ಚಿಬಿಡ್ತಾರೆ."

"ಫೋಟೋದಲ್ಲಿ ಒಳಗಿದೆ," ಅಂದರು ಇಂಜಿನಿಯರ್, ಸಿಟ್ಟಿಲ್ಲದೆ.

ಆಮೇಲೆ ಕೆಲಸಗಾರರ ಕಾರ್ಡು ಕೇಳಿದರು. ನನಗೆ ಬೆವರು ಕಿತ್ತುಬಂತು. ಕೊಲ್ಲಿಯಲ್ಲಿ ಆಗ ವೀಸಾ ಯಾವ ಹೆಸರಿನಲ್ಲಿ ಸಿಕ್ಕಿದರೆ ಆ ಹೆಸರಿನಲ್ಲಿ ಬರುವುದು ನಡೆದೇ ಇತ್ತು. ನನ್ನ ಕಾರ್ಡಿನಲ್ಲಿ ಟೈಲರ್ ಅಂತ ಇತ್ತು. ಮೇಸ್ತ್ರಿಯದರಲ್ಲಿ ಅಡುಗೆಯವ. ಇದನ್ನು ಹಿಡಿದು ಕೂತರೆ ಬೇಲಿಯೂ ಇಲ್ಲ, ನಾವೂ ಇಲ್ಲ. ಊರಿನಲ್ಲಿರುವ ಹೆಂಡತಿ ಮಕ್ಕಳ ಮುಖ ಆ ಹೊತ್ತಿನಲ್ಲಿ ನನಗೆ ಕಂಡಿತು.

ಇಂಜಿನಿಯರ್ ಕಾರ್ಡುಗಳನ್ನು ತಿರುವಿ ಮುರುವಿ ನೋಡಿದರು. "ಹಳೆಯ ಬೇಲಿಗಳನ್ನು ಹಗ್ಗದಿಂದ ಹೊಲಿಯುತ್ತಿದ್ದರು. ಟೈಲರ್ ಆಗಬಹುದು. ಆದರೆ ಅಡುಗೆಯವ ಯಾಕೆ?"

ಮೇಸ್ತ್ರಿ ತಲೆ ತಗ್ಗಿಸಿ ಹೇಳಿದ, "ಟೈಲರಿಗೆ ಮಧ್ಯಾಹ್ನ ಹಸಿವೆ ಆಗ್ತದಲ್ಲ ಸಾರ್."

ಮಡಲು

ಗರಿಯ ಬೇಲಿ ಅಂದ ಕೂಡಲೇ ನಮಗಿಬ್ಬರಿಗೂ ಜಂಬ ಬಂದುಬಿಟ್ಟಿತು. ನಾವು ಹುಟ್ಟಿದ್ದೇ ತೆಂಗಿನ ಗರಿಯ ನೆರಳಿನಲ್ಲಿ. ಗರಿ ಸೀಳಿ, ನೀರಿನಲ್ಲಿ ನೆನೆಹಾಕಿ, ಮಡಲು ನೇಯ್ದು ತಟ್ಟಿ ಕಟ್ಟುವುದನ್ನು ನನಗೆ ಅಮ್ಮ ಕಲಿಸಿದ್ದಳು. ಆ ತಟ್ಟಿಯನ್ನು ತೆಗೆದು ಕಲ್ಲಿನ ಕಾಂಪೌಂಡ್ ಕಟ್ಟಿಸಬೇಕು ಅಂತಲೇ ನಾನು ಕೊಲ್ಲಿಗೆ ಬಂದವನು. ಈಗ ಅದೇ ವಿದ್ಯೆಗೆ ಸರ್ಕಾರದ ಮೊಹರು!

"ಇದಕ್ಕೆ ಯಾರ ಹತ್ರ ಎಂತ ಕೇಳ್ಲಿಕ್ಕುಂಟು?" ಅಂದ ಮೇಸ್ತ್ರಿ. ಒಂದು ಲೋಡು ಖರ್ಜೂರದ ಗರಿ ತರಿಸಿ ವರ್ಕ್‌ಶಾಪಿನ ನೀರಿನ ತೊಟ್ಟಿಯಲ್ಲಿ ಮೂರು ದಿನ ನೆನೆಹಾಕಿದೆವು. ತೆಂಗಿನ ಗರಿ ಬಗ್ಗುತ್ತದೆ. ಖರ್ಜೂರದ್ದು ಚುಚ್ಚುತ್ತದೆ. ಹನ್ನೊಂದು ದಿನ ಇಬ್ಬರೂ ಕೈಯೆಲ್ಲ ರಕ್ತ ಮಾಡಿಕೊಂಡು ನೇಯ್ದೆವು. ಹಟಕ್ಕೆ ಬಿದ್ದಿದ್ದೆವು, ಅಷ್ಟೇ. ತಂದು ನಿಲ್ಲಿಸಿದರೆ ನಮ್ಮೂರಿನ ಬಚ್ಚಲುಮನೆಯ ತಟ್ಟಿಯೇ ದುಬೈಗೆ ಬಂದು ನಿಂತ ಹಾಗಿತ್ತು.

ಇಂಜಿನಿಯರ್ ಅದನ್ನು ಮುಟ್ಟಿ ನೋಡಿದರು. "ತುಂಬ ಚೆನ್ನಾಗಿದೆ. ಇದು ಪಾರಂಪರಿಕ ಅನ್ನೋದನ್ನೂ ಒಪ್ತೇನೆ. ಆದರೆ ಯಾರ ಪರಂಪರೆ?"

ಇಲ್ಲಿಯ ಬೇಲಿಯನ್ನು ನೇಯುವುದಿಲ್ಲವಂತೆ. ಗರಿಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿ ಹಗ್ಗದಲ್ಲಿ ಬಿಗಿಯುವುದು. ತೆಗೆಯಿರಿ ಅಂದರು. ತಟ್ಟಿ ಬಿಚ್ಚುವ ಗಡಿಬಿಡಿಯಲ್ಲಿ ಅಜ್ಜಿ ಯಾವಾಗ ಹೊರಟರೋ ಯಾರೂ ನೋಡಲಿಲ್ಲ.

ಮೂರು ಗಂಟೆ ಹುಡುಕಿದೆವು. ಯಜಮಾನರು ದೋಣಿಕಟ್ಟೆಯಲ್ಲಿ ಒಬ್ಬೊಬ್ಬ ದೋಣಿಯವನನ್ನೂ ತಡೆದು ಕೇಳುತ್ತಿದ್ದರು. ನಾನು ನೀರಿನ ಅಂಚಿಗೇ ನಡೆಯುತ್ತಾ ನೀರನ್ನು ನೋಡುತ್ತಿದ್ದೆ, ನೋಡಲು ಹೆದರುತ್ತಲೂ ಇದ್ದೆ. ನನ್ನ ಜಂಬಕ್ಕೆ ಹನ್ನೊಂದು ದಿನ ಹಾಳಾಗಿತ್ತು. ಈಕೆಗೆ ಏನಾದರೂ ಆದರೆ ಅದು ನಾನೇ ಮಾಡಿದ್ದು.

ಅಜ್ಜಿ ಸಿಕ್ಕಿದ್ದು ಏಸಿ ಹಾಕಿದ ಬಸ್‌ಸ್ಟಾಪಿನಲ್ಲಿ, ತಣ್ಣಗೆ ಕೂತಿದ್ದರು. ನಾನು ಏದುಸಿರು ಬಿಡುತ್ತಾ ಓಡಿ ಹೋದರೆ, ಅಲ್ಲಿದ್ದ ಪೊಲೀಸಿನವನ ತೋಳು ಹಿಡಿದುಕೊಂಡು "ಹರಾಮಿ, ಹರಾಮಿ" ಅಂತ ನನ್ನತ್ತ ಕೋಲು ತೋರಿಸಿದರು. ಪೊಲೀಸಿನವನು ಕಾರ್ಡು ಕೇಳಿದ, ನೋಡಿದ.

"ಟೈಲರಾ? ಈ ತಾಯಿಯ ಹಿಂದೆ ಓಡಿಬರೋಕೆ ಟೈಲರಿಗೆ ಏನು ಕೆಲಸ?"

ಸುಳ್ಳು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. "ಇವರ ಬೇಲಿ ಹೊಲೀತಾ ಇದ್ದೇನೆ ಸಾರ್," ಅಂದೆ.

ಗಂಟು

ಮರುದಿನ ಗರಿಗಳನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಲು ಕೂತೆವು. ಬಿಗಿದದ್ದೆಲ್ಲ ಸಡಿಲವಾಗಿ ಜಾರುತ್ತಿತ್ತು. ಅಜ್ಜಿ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕೋಲಿನಿಂದ ನನ್ನ ಕೈಗೆ ತಟ್ಟಿ, ಕೆಳಗೆ ಕೂತು ಹಗ್ಗ ಕಿತ್ತುಕೊಂಡರು.

ಮಗನ ಹೆಸರು ದಿನಕ್ಕೆರಡು ಸಲ ಮರೆಯುವ ಅಜ್ಜಿಯ ಬೆರಳುಗಳು ಒಂದು ಗಂಟನ್ನೂ ಮರೆತಿರಲಿಲ್ಲ. ಅಡ್ಡ ಒಂದು ಸುತ್ತು, ಕೆಳಗಿಂದ ಒಂದು, ಹಲ್ಲಿನಲ್ಲಿ ಎಳೆದು ಬಿಗಿತ. ನಾವು ಗರಿ ಕೊಡುತ್ತಾ ಹೋದೆವು, ಅವರು ಕಟ್ಟುತ್ತಾ ಹೋದರು. ಯಜಮಾನರು ಆಫೀಸಿಗೆ ರಜೆ ಹಾಕಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು, ಆಗಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ಮೂರನೆಯ ದಿನಕ್ಕೆ ಬೇಲಿ ನಿಂತಿತು. ಬಾಗಿಲ ಗಂಟನ್ನೂ ಅವರೇ ಹಾಕಿದರು. ನಾನು ಬಿಚ್ಚಿ ಕಲಿಯಲು ಹೋದರೆ ಉಗುರು ಮುರಿಯಿತೇ ಹೊರತು ಗಂಟು ಸಡಿಲವಾಗಲಿಲ್ಲ.

ಮೇಸ್ತ್ರಿ ಮಾತ್ರ ಹಿಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. "ಎಲ್ಲ ಸಮ ಮಾರಾಯ. ಆದ್ರೆ ಯಾರು ಹೊರಗೆ ಹೋಗ್ಬಾರ್ದು ಅಂತ ಬೇಲಿ ಹಾಕಿದ್ದೋ ಅವರ ಕೈಲೇ ಬೀಗ ಮಾಡಿಸಿದ್ದೇವಲ್ಲ?"

ಕೊನೆಯ ತನಿಖೆ

ಇಂಜಿನಿಯರ್ ಕೊನೆಯ ತನಿಖೆಗೆ ಬಂದ ದಿನ ನಾವೆಲ್ಲ ಒಳಗೆ ಅಂಗಳದಲ್ಲಿ ನಿಂತಿದ್ದೆವು. ಇಂಜಿನಿಯರ್, ಯಜಮಾನರು, ಮೇಸ್ತ್ರಿ, ನಾನು. ಮನೆಗೆಲಸದಾಕೆ ಅಡುಗೆಮನೆಯಲ್ಲಿ. ಇಂಜಿನಿಯರ್ ಭೂತಗನ್ನಡಿ ಹಿಡಿದು ಫೋಟೋಕ್ಕೂ ಬೇಲಿಗೂ ತಾಳೆ ನೋಡಿ, ಮೊದಲ ಬಾರಿಗೆ ಸಣ್ಣಗೆ ನಕ್ಕು, ಕಾಗದಕ್ಕೆ ಸಹಿ ಹಾಕಿದರು. ನಾಲ್ಕು ತಿಂಗಳ ಉಸಿರನ್ನು ನಾವೆಲ್ಲ ಒಟ್ಟಿಗೆ ಬಿಟ್ಟೆವು.

ಸಹಿಯ ಶಾಯಿ ಆರುವ ಮೊದಲೇ ಹಿಂದಿನಿಂದ ಸರಸರ ಸದ್ದು. ತಿರುಗಿ ನೋಡಿದರೆ ಬಾಗಿಲು ತೆರೆದಿತ್ತು. ಅಜ್ಜಿ ಹೊರಗೆ ಕಾಲಿಟ್ಟು, ಹಗ್ಗ ಎಳೆದುಕೊಂಡು, ಬಾಗಿಲು ಮುಚ್ಚಿ, ಹೊರಗಡೆಯಿಂದ ಗಂಟು ಹಾಕುತ್ತಿದ್ದರು. ನಾವು ಓಡಿ ತಲುಪುವಷ್ಟರಲ್ಲಿ ಬಿಗಿದಾಗಿತ್ತು. ಗರಿಗಳ ನಡುವೆ ಕೈ ತೂರುವಷ್ಟು ಜಾಗವಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದರು.

ಅಜ್ಜಿ ಹೊರಗೆ, ಇನ್ನೂರು ಹೆಜ್ಜೆಗೆ ನೀರು. ನಾವು ಒಳಗೆ. ಯಜಮಾನರು ಬೇಲಿಗೆ ಮುಖ ಒತ್ತಿ "ಅಮ್ಮಾ, ಅಮ್ಮಾ" ಅನ್ನುತ್ತಿದ್ದರು. ಮೇಸ್ತ್ರಿ ಕಟರ್ ಎತ್ತಿಕೊಂಡು ಓಡಿಬಂದ. ಇಂಜಿನಿಯರ್ ಅಡ್ಡ ನಿಂತರು.

"ಕತ್ತರಿಸೋ ಹಾಗಿಲ್ಲ. ಈಗಷ್ಟೇ ಸಹಿಯಾಗಿದೆ. ಇದು ಈಗ ಪಾರಂಪರಿಕ ಬೇಲಿ. ಕತ್ತರಿಸೋಕೆ ಬೇರೆ ಅರ್ಜಿ ಹಾಕಬೇಕು."

"ಅದಕ್ಕೆ ಎಷ್ಟು ದಿನ ಸಾರ್?" ಅಂತ ಮೇಸ್ತ್ರಿ ಕೇಳಿದ.

"ಮೂರು ತಿಂಗಳು," ಅಂದರು. ಹೇಳಿದ ಮೇಲೆ ತಾನೂ ಒಳಗೇ ಇದ್ದೇನೆ ಅನ್ನುವುದು ಅವರಿಗೆ ಹೊಳೆದಿರಬೇಕು. ಕುತ್ತಿಗೆಯ ಬಣ್ಣದ ಕಟ್ಟನ್ನು ತೆಗೆದು ಜೇಬಿಗಿಟ್ಟುಕೊಂಡರು.

ಅಷ್ಟರಲ್ಲಿ ಹೊರಗಿನಿಂದ ಅಜ್ಜಿಯ ದನಿ ಬಂತು. ಹೋಗಿರಲಿಲ್ಲ. ಎದುರಿನ ಕಲ್ಲಿನ ಕಟ್ಟೆಯ ಮೇಲೆ ಕೋಲು ಊರಿಕೊಂಡು ಕೂತಿದ್ದರು. ಗಂಟು ಬಿಚ್ಚಲು ಬಂದ ದಾರಿಹೋಕನೊಬ್ಬನಿಗೆ ಕೋಲು ಬೀಸಿ, ಒಳಗೆ ಕಳ್ಳರಿದ್ದಾರೆ ಅಂತ ಅಟ್ಟಿದರು.

"ಅಮ್ಮಾ, ನಾನು ನಿಮ್ಮ ಮಗ," ಅಂದರು ಯಜಮಾನರು.

"ನನ್ನ ಮಗ ಕೆಲಸಕ್ಕೆ ಹೋಗಿದ್ದಾನೆ. ನಾಲ್ಕು ತಿಂಗಳಿಂದ ನನ್ನ ಮನೆ ಅಳೀತಾ ಇದ್ದೀರಿ, ಇವತ್ತು ನಾಲ್ಕು ಜನ ಒಟ್ಟಿಗೆ ಸಿಕ್ಕಿದ್ದೀರಿ. ಅವನು ಬರೋ ತನಕ ನಾನು ಇಲ್ಲಿಂದ ಏಳೋದಿಲ್ಲ."

ಎರಡು ಗಂಟೆ ಅಜ್ಜಿ ಕೂತ ಕಡೆಯಿಂದ ಕದಲಲಿಲ್ಲ. ಮೊದಲರ್ಧ ಗಂಟೆ ಯಜಮಾನರು ಬೇಡಿಕೊಂಡರು. ಆಮೇಲೆ ಅವರಿಗೆ ಏನೋ ಹೊಳೆದ ಹಾಗಾಯಿತು. ಗರಿಯ ಸಂದಿಗೆ ಕಣ್ಣಿಟ್ಟು ತಾಯಿಯನ್ನು ನೋಡುತ್ತಾ, ತಮ್ಮಷ್ಟಕ್ಕೇ ಹೇಳಿದರು. "ವರ್ಷದಿಂದ ಅಮ್ಮ ಹತ್ತು ನಿಮಿಷ ಒಂದು ಕಡೆ ಕೂತಿದ್ದು ನಾನು ನೋಡಿಲ್ಲ." ಅಡುಗೆಮನೆಯಿಂದ ನಮಗೆಲ್ಲ ಕಾಫಿ ತರಿಸಿದರು. ಕಚೇರಿಯ ನಿಯಮ ಅಂತ ಇಷ್ಟು ದಿನ ಒಂದು ತೊಟ್ಟೂ ಮುಟ್ಟದ ಇಂಜಿನಿಯರ್ ಅಂದು ಐದು ಲೋಟ ಕುಡಿದರು.

ಕೊನೆಗೆ ಯಜಮಾನರೇ ಉಪಾಯ ಹೂಡಿದರು. "ಅಮ್ಮಾ, ನಿಮ್ಮ ಮಗ ಫೋನ್ ಮಾಡಿದ್ದ. ಹೊರಟಿದ್ದಾನಂತೆ, ಊಟಕ್ಕೆ ಬಡಿಸಬೇಕಂತೆ." ಅಜ್ಜಿ ಎದ್ದು, ಒಂದೇ ಎಳೆತಕ್ಕೆ ಗಂಟು ಬಿಚ್ಚಿ ಒಳಗೆ ಬಂದರು. ನಮ್ಮ ನಡುವೆಯೇ ಹಾದು ಅಡುಗೆಮನೆಗೆ ಹೋಗುತ್ತಾ, ಯಾರೂ ಅಲ್ಲಾಡಬೇಡಿ ಅಂದರು. ಇಂಜಿನಿಯರ್ ಕೂಡ ಅಲ್ಲಾಡಲಿಲ್ಲ. ಅಜ್ಜಿ ಬಡಿಸಿ ತಂದ ತಟ್ಟೆಯ ಮುಂದೆ ಮಗ ಕೂತಾಗಲೇ ಅವರಿಗೆ ಗುರುತು ಸಿಕ್ಕಿದ್ದು. "ಬಂದೆಯಾ, ಕಳ್ಳರನ್ನು ಹಿಡಿದಿಟ್ಟಿದ್ದೇನೆ ನೋಡು," ಅಂದರು.

ಅಲ್ಲಿಂದ ಮುಂದೆ ನನ್ನ ರಜೆಯ ಶುಕ್ರವಾರಗಳು ಬದಲಾದವು. ಅಜ್ಜಿಗೆ ಕಾಲು ನಿಲ್ಲದ ದಿನ ಯಜಮಾನರ ಫೋನ್ ಬರುತ್ತಿತ್ತು. "ಭಾಯಿ, ಇವತ್ತು ಪುರುಸೊತ್ತಿದೆಯಾ? ಒಂದು ಗಂಟೆ ಬಂದು ಒಳಗೆ ಕೂತು ಹೋಗಿ." ನಾನು ಟೇಪು ಹಿಡಿದುಕೊಂಡು ಹೋಗುತ್ತಿದ್ದೆ, ಗೋಡೆ ಅಳೆದ ಹಾಗೆ ಮಾಡುತ್ತಿದ್ದೆ. ಅಜ್ಜಿ ಹೊರಗಿನಿಂದ ಗಂಟು ಹಾಕಿ, ಕಟ್ಟೆಯ ಮೇಲೆ ನೆಮ್ಮದಿಯಾಗಿ ಕಾವಲು ಕೂರುತ್ತಿದ್ದರು. ಮಗ ಮರೆತುಹೋದ, ಮನೆಗೆಲಸದಾಕೆ ಮರೆತುಹೋದಳು, ನಾನು ಮಾತ್ರ ಕೊನೆಯವರೆಗೂ ನೆನಪಿದ್ದೆ. ಅದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ.

ಒಂದು ಶುಕ್ರವಾರ ನನಗೆ ಜ್ವರ. ಬದಲಿಗೆ ಮೇಸ್ತ್ರಿಯ ಕೈಗೆ ಟೇಪು ಕೊಟ್ಟು ಕಳಿಸಿದೆ. ಅಜ್ಜಿ ಅವನನ್ನು ತುಂಬ ಹೊತ್ತು ನೋಡಿ, ಗಂಟು ಹಾಕದೆ ಹಗ್ಗ ಕೆಳಗೆ ಬಿಟ್ಟು, ಮಗನನ್ನು ಕರೆದು ಬೇಜಾರಿನಿಂದ ಹೇಳಿದರಂತೆ.

"ಇವನನ್ನು ನೋಡಿದರೆ ಅಡುಗೆಯವನ ಹಾಗಿದ್ದಾನೆ. ಅಸಲಿ ಕಳ್ಳನನ್ನು ಕರೆಸು."